ಬಾಗಿಲು ಮೆಲ್ಲಗೆ ಹಾಕ್ಲಿ

ಮಾರ್ಚ್ ೩

ಮಗಳೇ,

ಒಂದು ವಾರದಿಂದ ಫೋನ್ ಮಾಡ್ತಾನೇ ಇದೀಯ, ನಾನು ಎತ್ತಿಲ್ಲ. ಗಾಬರಿ ಬೇಡ, ಗುಂಡುಕಲ್ಲಿನ ಹಾಗಿದೀನಿ. ಎತ್ತಬಾರದು ಅಂತಲೇ ಎತ್ತಿಲ್ಲ. ಯಾಕೆ ಅಂತ ಫೋನಲ್ಲಿ ಹೇಳಿದರೆ ಅದನ್ನೂ ಹಾಡು ಮಾಡಿಬಿಡ್ತೀಯ. ಅದಕ್ಕೇ ಈ ಕಾಗದ.

ಹೋದ ಸೋಮವಾರ ನಮ್ಮ ಆಸ್ಪತ್ರೆ ಲಾಂಡ್ರಿಯಲ್ಲಿ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿರಲಿಲ್ಲ. ರಜೆ ದಿನದ ಹಾಸಿಗೆ ಬಟ್ಟೆಯೆಲ್ಲ ಸೋಮವಾರವೇ ಬಂದು ಬೀಳುತ್ತಲ್ಲ. ಇಸ್ತ್ರಿ ಮಾಡೋ ಬಿಸಿ ಉರುಳೆಗೆ ಚಾದರ ಕೊಡೋ ಹುಡುಗಿ ತನ್ನ ಫೋನಲ್ಲಿ ಹಾಡು ಹಾಕಿದ್ದಳು. ಮೊದಲು ಧಡ್ ಧಡ್ ಅಂತ ಏನೋ ಬಂತು. ಆಮೇಲೆ ಯಾರೋ ಹೆಂಗಸು ಮಾತಾಡಿದಳು. "ಹೋಗೋರು ಹೋಗ್ಲಿ, ಬಾಗಿಲು ಮೆಲ್ಲಗೆ ಹಾಕ್ಲಿ." ಮತ್ತೆ ಅದೇ. ಮತ್ತೂ ಅದೇ. ಯಾರಪ್ಪ ಇವಳು, ಹಿಡಿದಿದ್ದನ್ನ ಬಿಡೋದೇ ಇಲ್ಲವಲ್ಲ ಅಂದುಕೊಂಡು ತಲೆ ಎತ್ತಿದರೆ, ಎಲ್ಲರೂ ಕೈಕೆಲಸ ಬಿಟ್ಟು ನನ್ನ ಮುಖ ನೋಡ್ತಿದ್ದಾರೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ, ಅವರಿಗೆ ಹತ್ತಿತು.

ಈಗ ಅಲ್ಲಿ ಯಾರಾದರೂ ಚಹಾಕ್ಕೆ ಅಂತ ಎದ್ದರೆ ಸಾಕು, ಮಿಕ್ಕವರು ಒಟ್ಟಿಗೆ ಆ ಮಾತು ಹೇಳ್ತಾರೆ. ಔಷಧಿ ವಿಭಾಗದವರು ಇಣುಕಿ ನೋಡಿ ಹೋಗ್ತಾರೆ. ಇಷ್ಟು ವರ್ಷ ಮೇಲ್ವಿಚಾರಕಿ ಅಂತ ಗಂಭೀರವಾಗಿ ಓಡಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತು.

ನಗು ಬಂದರೆ ನಗು. ನನಗೂ ಮೊದಲನೇ ದಿನ ಅರ್ಧ ನಗುವೇ ಬಂತು. ಮನೆಗೆ ಬಂದು ಚಪ್ಪಲಿ ಬಿಡೋ ಹೊತ್ತಿಗೆ ಆ ಅರ್ಧವೂ ಹೋಗಿತ್ತು. ಆ ಮಾತನ್ನ ನಾನು ನಿನಗೆ ಹೇಳಿದ್ದಲ್ಲ. ನಿನ್ನ ಮುಂದೆ ಹೇಳಿದ್ದು, ಅಷ್ಟೇ. ಅದೆರಡಕ್ಕೂ ವ್ಯತ್ಯಾಸ ಇದೆ. ಗೋಡೆಗೆ ಕಿವಿ ಇರುತ್ತೆ ಅಂತ ಗೊತ್ತಿತ್ತು. ಹೆತ್ತ ಮಗಳ ಫೋನಿಗೆ ಬಾಯಿಯೂ ಇರುತ್ತೆ ಅಂತ ಗೊತ್ತಿರಲಿಲ್ಲ.

ಎದುರು ಮನೆಯವರು ಮಗಳು ಏನು ಕೆಲಸ ಮಾಡ್ತಾಳೆ ಅಂತ ಮತ್ತೆ ಕೇಳಿದರು. ನಿರ್ಮಾಪಕಿ ಅಂದೆ. ಯಾವ ಸಿನಿಮಾ ಅಂದರು. ಒಲೆ ಮೇಲೆ ಹಾಲಿದೆ ಅಂತ ಒಳಗೆ ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

*

ಮಾರ್ಚ್ ೧೧

ಅಮ್ಮಾ,

ನಿನ್ನ ಕಾಗದ ಬಂದಾಗ ನಮ್ಮ ಹಾಡು ಹೇಳೋ ಗರಗಸ ಪಕ್ಕದಲ್ಲೇ ಕೂತಿದ್ದ. "ಈ ಕಾಲದಲ್ಲಿ ಕಾಗದ ಬರೆಯೋರು ಯಾರು, ಕೋರ್ಟಿನವರಾ?" ಅಂದ. ನಾನು ಓದಿ ಮುಗಿಸೋ ಹೊತ್ತಿಗೆ ನನ್ನ ಮುಖ ನೋಡಿ ಎದ್ದು ಹೊರಗೆ ಹೋದ. ಕೋರ್ಟಿನವರೇ ವಾಸಿ ಅನ್ನೋ ಹಾಗಿತ್ತು ನನಗೆ.

ಎದುರು ಮನೆಯವರಿಗೆ ಹೀಗೆ ಹೇಳು. ನಾನು ಅಡುಗೆ ಮಾಡೋಳು, ಗರಗಸ ಬಡಿಸೋನು. ತಾಳ ಹಾಕೋದು, ಅದರ ಮೇಲೆ ಇನ್ನೊಂದು ಸದ್ದು ಕೂರಿಸೋದು, ಮಾತು ಬರೆಯೋದು, ಅವನು ಎಲ್ಲಿ ಉಸಿರು ತಗೋಬೇಕು ಅಂತ ಹೇಳೋದು, ಇದೆಲ್ಲ ನನ್ನ ಕೆಲಸ. ವೇದಿಕೆ ಮೇಲೆ ನಿಂತು ಅದನ್ನ ರ‍್ಯಾಪ್ ಮಾಡೋದು ಅವನ ಕೆಲಸ. ಜನ ಬಡಿಸಿದವನ ಮುಖ ನೋಡ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ, ಒಲೆ ಮುಂದೆ ಇರೋದೇ ನನಗಿಷ್ಟ. ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾಗ, ಯಾರೋ ಬೇಡ ಅಂತ ಬಿಟ್ಟು ಹೋದ ಕಂಪ್ಯೂಟರಿನಲ್ಲಿ ಮೊದಲ ಬೀಟ್ ಮಾಡಿದ್ದು ನೆನಪಿದೆಯಾ? ನೀನು ಅದನ್ನ ಕೇಳಿ "ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನೋಡು" ಅಂದಿದ್ದೆ.

ಫೋನ್ ಕರೆಯೆಲ್ಲ ರೆಕಾರ್ಡ್ ಆಗೋದು ನನ್ನ ಹಳೇ ಅಭ್ಯಾಸ. ನಿನ್ನನ್ನ ಕದ್ದು ಕೇಳಬೇಕು ಅಂತಲ್ಲ. ಈ ಕೆಲಸದವರೆಲ್ಲ ಹೀಗೇ, ಬೀದಿಯಲ್ಲಿ ಯಾರ ಮನೆ ಗೇಟು ಕಿರ್ ಅಂದರೂ ನಿಂತು ಹಿಡ್ಕೊಳ್ತೀವಿ. ಚಿಂದಿ ಆಯೋರ ಹಾಗೆ. ಯಾವುದು ಯಾವಾಗ ಉಪಯೋಗಕ್ಕೆ ಬರುತ್ತೋ ಗೊತ್ತಿರಲ್ಲ.

ನಿನಗೆ ಹೇಳಿರಲಿಲ್ಲ, ಆ ಹಾಡಿಗೆ ಮುಂಚೆ ಎಷ್ಟೋ ತಿಂಗಳು ನನ್ನ ಕೈಯಿಂದ ಏನೂ ಆಗಿರಲಿಲ್ಲ. ಬೆಳಗ್ಗೆ ಬಂದು ಸ್ಟುಡಿಯೋ ಬಾಗಿಲು ತೆಗೆದು ಕೂರ್ತಿದ್ದೆ, ಮಾಡಿದ್ದನ್ನೆಲ್ಲ ಸಂಜೆ ಅಳಿಸಿ ಹೋಗ್ತಿದ್ದೆ. ನಮ್ಮ ಹಾಡುಗಳನ್ನ ಹೊರಗೆ ತರೋ ಕಂಪನಿಯವರು ನಯವಾಗಿ ಮಾತಾಡೋಕೆ ಶುರು ಮಾಡಿದ್ದರು. ಅವರು ನಯವಾದರೆ ಗಂಟುಮೂಟೆ ಕಟ್ಟಬೇಕು ಅಂತ ಅರ್ಥ. ಅದೇ ಹೊತ್ತಿಗೆ ನಮ್ಮ ಜೊತೆಗಿದ್ದ ಇನ್ನೊಬ್ಬ ಎಲ್ಲರ ಮುಂದೆ ನನ್ನನ್ನ ಅಂದು ಆಡಿ, ಬೇರೆ ಕಡೆ ಹೋದ. ಅವತ್ತು ನಿನಗೆ ಫೋನ್ ಮಾಡಿದೆ. ನೀನು ಎಲ್ಲ ಕೇಳಿಸಿಕೊಂಡು, ಸಮಾಧಾನ ಗಿಮಾಧಾನ ಏನೂ ಹೇಳದೆ, ಆ ಒಂದು ಮಾತು ಹೇಳಿದೆ.

ಮಾರನೇ ದಿನ ಅದನ್ನ ಮತ್ತೆ ಹಾಕಿ ಕೇಳಿದೆ. ನೀನು ಹೇಳಿದ ಲಯ ಸುಮ್ಮನೆ ಅಲ್ಲಾಡದೆ ನಿಂತಿತ್ತು. ಅದರ ಕೆಳಗೆ ಬೀಟ್ ತಾನಾಗಿ ಬಂದು ಕೂತ್ಕೊಂಡಿತು. ಸಂಜೆ ಅಳಿಸೋ ಮನಸ್ಸಾಗಲಿಲ್ಲ.

ಕೇಳಬೇಕಿತ್ತು. ನಿನ್ನನ್ನ ಕೇಳಿದ್ದರೆ ನೀನು ಬೇಡ ಅಂತಿದ್ದೆ. ಅದು ಗೊತ್ತಿದ್ದೇ ಕೇಳಲಿಲ್ಲ. ಸುಳ್ಳು ಹೇಳಲ್ಲ.

ಫೋನ್ ಎತ್ತು ಅಮ್ಮಾ.

ನಿನ್ನ ಮಗಳು

*

ಮಾರ್ಚ್ ೨೦

ಮಗಳೇ,

ಚಿಂದಿ ಆಯೋರು ಬೀದಿಗೆ ಬಿಸಾಕಿದ್ದನ್ನ ಆಯ್ತಾರೆ. ನಾನು ಬಿಸಾಕಿರಲಿಲ್ಲ.

ಇನ್ನೊಂದು ಮಾತು. ನೀನು ಆ ಬಡಗಿ ಅಂಗಡಿ ಹಿಂದಿನ ಕೋಣೆಯಲ್ಲಿದ್ದಾಗ, ಒಂದು ದಿನ ಯಾವುದೋ ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿದ್ದೆ. ನೀನು ಮಾಡಿದ ಹಾಡನ್ನ ಯಾರೋ ದೊಡ್ಡ ಮನುಷ್ಯ ತನ್ನ ಹೆಸರು ಹಾಕಿ ಬಿಟ್ಟಿದ್ದ. ಅಂಗಡಿ ಅಂಗಡಿಯಲ್ಲಿ ಹಾಕ್ತಿದ್ದಾರೆ, ಎಲ್ಲೂ ನನ್ನ ಹೆಸರಿಲ್ಲ, ನನ್ನ ಮಗುವನ್ನ ಬೇರೆಯವರು ಎತ್ತಿಕೊಂಡು ಓಡಾಡಿದ ಹಾಗಿದೆ ಅಂತ ಬಿಕ್ಕಿ ಬಿಕ್ಕಿ ಅತ್ತೆ. ಅವತ್ತು ನಾನು ಊಟ ಮಾಡಲಿಲ್ಲ. ಹಾಡು ಅಂದರೇನು ಅಂತ ನನಗೆ ಗೊತ್ತಿಲ್ಲ, ಆದರೆ ಅನ್ಯಾಯ ಅಂದರೇನು ಅಂತ ಗೊತ್ತಿತ್ತು.

ನಿನ್ನ ಹಾಡನ್ನ ಉರುಳೆ ಹುಡುಗಿ ಫೋನಲ್ಲಿ ತೋರಿಸಿದಳು. ಕೆಳಗೆ ಹೆಸರುಗಳಿವೆ. ಗರಗಸ ಅಂತಿದೆ. ನಿನ್ನದಿದೆ. ಯಾರೋ ಶಬ್ದ ಸರಿ ಮಾಡಿದವರದ್ದಿದೆ. ಆ ಮಾತು ಹೇಳಿದವಳು ಯಾರು ಅಂತ ಇಲ್ಲ.

ನನ್ನ ಹೆಸರು ಬೇಕು ಅಂತಲ್ಲ. ನನಗದು ಬೇಡವೇ ಬೇಡ. ಮೆಟ್ಟಿಲ ಮೇಲೆ ಕೂತು ಅತ್ತವಳಿಗೆ ಇದು ತೋಚಲಿಲ್ಲವಲ್ಲ, ಅಷ್ಟೇ ನಾನು ಹೇಳೋದು.

ಅಮ್ಮ

*

ಏಪ್ರಿಲ್ ೬

ಅಮ್ಮಾ,

ಈ ಕಾಗದವನ್ನ ಮೂರು ಸಲ ಶುರು ಮಾಡಿ ಹರಿದು ಹಾಕಿದೀನಿ.

ನಿನ್ನ ಮಾತು ನಾಟಿತು. ನಾಟಬೇಕಾದ ಕಡೆಯೇ ನಾಟಿತು. ಗರಗಸನಿಗೆ ಓದಿ ಹೇಳಿದೆ. ಅವನು ತಲೆ ಕೆರೆದುಕೊಂಡು, "ನಿಮ್ಮಮ್ಮ ರ‍್ಯಾಪ್ ಮಾಡಿದ್ದರೆ ನಾನು ಮನೆಗೆ ಹೋಗಬೇಕಿತ್ತು" ಅಂದ. ಆ ಮೆಟ್ಟಿಲ ಹತ್ತಿರ ನನಗೆ ನೀರು ತಂದುಕೊಟ್ಟವನು ಅವನೇ.

ಕಂಪನಿಗೆ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ ತಣ್ಣೀರು ಕೊಟ್ಟರು. ಈ ಹಾಡಿನ ಬರಹಗಾರರಲ್ಲಿ ನಮ್ಮಮ್ಮನ ಹೆಸರೂ ಬರಬೇಕು ಅಂದೆ. ತಗಾದೆ ಮಾಡ್ತಾರೆ ಅಂತ ಸಿದ್ಧವಾಗಿ ಹೋಗಿದ್ದರೆ, ಅವರು ಖುಷಿಯಿಂದ ಎದ್ದು ನಿಂತರು. ಅಮ್ಮನ ಮಾತಿನ ಮೇಲೇ ಒಂದು ಸರಣಿ ಮಾಡೋಣ, ಐದಾರು ಹಾಡು, ಕೊನೆಗೆ ಅಮ್ಮನನ್ನ ವೇದಿಕೆ ಮೇಲೆ ಕರ‍್ಕೊಂಡು ಬರೋಣ ಅಂದರು. ಒಬ್ಬರಂತೂ ನಿನಗೆ ಎಂಥ ಬಟ್ಟೆ ಹಾಕಿಸಬೇಕು ಅಂತಲೂ ಮಾತಾಡಿದರು. ನಮ್ಮಮ್ಮ ಊರಿನ ಬಟ್ಟೆಗೆಲ್ಲ ಇಸ್ತ್ರಿ ಮಾಡಿಸೋಳು, ಅವಳಿಗೆ ಬಟ್ಟೆ ಹಾಕಿಸೋಕೆ ಹೋಗಬೇಡಿ ಅಂದೆ. ನಕ್ಕರು. ಅಮ್ಮನನ್ನ ಕೇಳದೆ ಏನೂ ಹೇಳಲ್ಲ ಅಂತ ಎದ್ದು ಬಂದೆ.

ಈಗ ಕೇಳ್ತಿದೀನಿ. ಸರಣಿ ಬೇಡ, ಅದು ನನಗೂ ಗೊತ್ತು. ಆದರೆ ಈ ಹಾಡು ಇರಲಾ, ತೆಗೆಯಲಾ? ತೆಗೆದರೆ ಮುಂದಿನ ಕಾರ್ಯಕ್ರಮಗಳೆಲ್ಲ ಬೀಳ್ತವೆ, ಕಂಪನಿ ನನ್ನನ್ನ ಇಟ್ಟುಕೊಳ್ಳೋದೂ ಅನುಮಾನ. ಇದನ್ನ ನಿನ್ನ ಮೇಲೆ ಭಾರ ಹಾಕೋಕೆ ಹೇಳ್ತಿಲ್ಲ. ಮುಚ್ಚಿಟ್ಟರೆ ಅದೂ ಒಂದು ಕಳ್ಳತನ ಆಗುತ್ತೆ ಅಂತ ಹೇಳ್ತಿದೀನಿ. ನೀನು ತೆಗಿ ಅಂದರೆ ಆ ದಿನವೇ ತೆಗೀತೀನಿ.

ಇರಲಿ ಅಂದರೆ, ನಿನ್ನ ಹೆಸರು ಹೇಗೆ ಬರೆಯಬೇಕು ಅಂತ ತಿಳಿಸು.

ನಿನ್ನ ಮಗಳು

*

ಮೇ ೧೪

ಮಗಳೇ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೀಲಿಲ್ಲ. ಕೋಪ ಅಲ್ಲ. ಬರೆಯೋಕೆ ಕೂತರೆ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಆಗ್ತಿರಲಿಲ್ಲ, ಹೇಳೋಕೂ ಆಗ್ತಿರಲಿಲ್ಲ.

ನಿಮ್ಮಪ್ಪ ಬಂದಿದ್ದರು.

ಹೋದ ತಿಂಗಳ ಕೊನೆಯಲ್ಲಿ. ಪಾಳಿ ಮುಗಿಸಿ ಹೊರಗೆ ಬಂದೆ, ಲಾಂಡ್ರಿ ಗಾಡಿಗಳು ನಿಲ್ಲೋ ಕಡೆ ಒಬ್ಬರು ಚೀಲ ಹಿಡಿದು ನಿಂತಿದ್ದರು. ಯಾರೋ ಯಂತ್ರ ರಿಪೇರಿಯವರು ಅಂದುಕೊಂಡು, "ಇವತ್ತು ಎಲ್ಲ ಸರಿಯಾಗಿದೆ, ನಾಳೆ ಬನ್ನಿ" ಅಂದೆ. "ನಾನು" ಅಂದರು. ಕೂದಲು ಪೂರ್ತಿ ಹೋಗಿದೆ. ನಿಲ್ಲೋ ರೀತಿ ಮಾತ್ರ ಹಾಗೇ ಇದೆ, ಒಂದು ಕಾಲಿನ ಮೇಲೆ ಭಾರ ಬಿಟ್ಟು.

ಲಿಫ್ಟ್ ರಿಪೇರಿ ಕೆಲಸವಂತೆ. ಯಾವುದೋ ದೊಡ್ಡ ಅಂಗಡಿ ಕಟ್ಟಡದಲ್ಲಿ ಲಿಫ್ಟಿನ ನೆತ್ತಿ ಮೇಲೆ ಕೂತು ಹಗ್ಗ ನೋಡ್ತಿದ್ದರಂತೆ. ಕೆಳಗಡೆ ಅಂಗಡಿಯಲ್ಲಿ ನಿನ್ನ ಹಾಡು. "ಅವ್ವ ಮಾತಾಡಿದಳು" ಅಂದರು. ನನ್ನ ಹೆಸರೆತ್ತಲಿಲ್ಲ. ಅವ್ವ ಅಂದರು, ಅಂದರೆ ನಿಮ್ಮಜ್ಜಿ. ಅವ್ವನ ದನಿ ಯಾರ ಹತ್ರ ಇತ್ತು, ಇನ್ನೂ ಇದೆಯಾ, ಒಂದು ಸಲ ಕೇಳಬಹುದಾ, ಇಷ್ಟು ಕೇಳೋಕೆ, ಹಳೇ ಮನೆ ಹತ್ತಿರ ವಿಚಾರಿಸಿ ನನ್ನ ಕೆಲಸದ ಜಾಗ ತಿಳ್ಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದರು. ಇಪ್ಪತ್ತೈದು ವರ್ಷ ಆದ ಮೇಲೆ ಬಂದವರು ನನ್ನನ್ನ ಹುಡುಕಿಕೊಂಡು ಬಂದಿದ್ದಲ್ಲ ನೋಡು.

ಅದು ಅತ್ತೆಯಲ್ಲ, ನಾನು ಅಂದೆ. ನಂಬಲಿಲ್ಲ. ನಿಮ್ಮ ಕಿವಿ ಕೆಟ್ಟಿದೆ ಅಂದೆ. "ಇರಬಹುದು" ಅಂತ ನಿಂತೇ ಇದ್ದರು.

ನಿನಗೆ ಯಾವತ್ತೂ ಹೇಳದೆ ಇದ್ದದ್ದನ್ನ ಈಗ ಹೇಳಬೇಕು. ಅವರು ಬಿಟ್ಟು ಹೋದ ದಿನ ಮಧ್ಯಾಹ್ನ. ನಿನಗೆ ನಾಲ್ಕು ವರ್ಷ, ಜ್ವರ ಬಂದು ಎರಡು ದಿನದಿಂದ ನಿದ್ದೆ ಇರಲಿಲ್ಲ, ಆಗ ತಾನೇ ನೀನು ಕಣ್ಣು ಮುಚ್ಚಿದ್ದೆ. ನಮ್ಮಿಬ್ಬರ ಮಾತು ಬೆಳೀತು. ಅವರು ಬಟ್ಟೆ ತುಂಬಿಕೊಂಡು ಹೊರಟರು. ನಾನು ಅಡ್ಡ ನಿಂತೆ, ಕೂಗಾಡಿದೆ. ನಿಮ್ಮಜ್ಜಿ ನಿನ್ನ ತಲೆ ಹತ್ತಿರ ಕೂತಿದ್ದರು. ಎದ್ದು ಬರಲಿಲ್ಲ. ಅಲ್ಲಿಂದಲೇ, ಯಾರಿಗೋ ನೀರು ಕೊಡು ಅನ್ನೋ ಹಾಗೆ ಹೇಳಿದರು. "ಹೋಗೋರು ಹೋಗ್ಲಿ. ಬಾಗಿಲು ಮೆಲ್ಲಗೆ ಹಾಕ್ಲಿ. ಮಗು ಮಲಗಿದೆ."

ಮಾತು ಅವರದ್ದು. ನನ್ನದಲ್ಲ. ಅಂದಿನಿಂದ ಯಾರು ಹೋದರೂ ನನ್ನ ಬಾಯಿಗೆ ಅದು ಬರುತ್ತೆ, ಕೊನೆ ತುಂಡು ಬಿಟ್ಟು.

ನಿಮ್ಮಪ್ಪ ಮೆಟ್ಟಿಲಲ್ಲಿ ಅದನ್ನ ಕೇಳಿಸಿಕೊಂಡಿದ್ದರಂತೆ. ಬಂದಾಗ ಹೇಳಿದರು.

ಫೋನ್ ನಂಬರ್ ಕೊಟ್ಟಿದ್ದಾರೆ. ನಿನ್ನನ್ನ ನೋಡೋಕೆ ಕೇಳಲಿಲ್ಲ. ಕೇಳೋಕೆ ಬಾಯಿ ಬರಲಿಲ್ಲವೇನೋ. ನಂಬರ್ ಈ ಕಾಗದದ ಹಿಂದೆ ಬರೆದಿದೀನಿ. ಬೇಡ ಅಂದರೆ ಹರಿದು ಹಾಕು.

ಅಮ್ಮ

*

ಮೇ ೨೧

ಅಮ್ಮಾ,

ಮಲಗಿದ್ದವಳು ನಾನಾ?

ಇಷ್ಟು ತಿಂಗಳಿಂದ ಸಾವಿರಾರು ಜನ ಆ ಮಾತನ್ನ ನನ್ನ ಮುಂದೆ ಕೂಗಿದ್ದಾರೆ. ವೇದಿಕೆ ಪಕ್ಕದ ಕತ್ತಲೆಯಲ್ಲಿ ನಿಂತು, ಎಲ್ಲಿ ಸದ್ದು ಏರಿಸಬೇಕು ಅಂತ ನೋಡ್ತಿದ್ದೆ. ಅದು ನನ್ನ ನಿದ್ದೆ ಕಾಯೋಕೆ ಹೇಳಿದ ಮಾತು ಅಂತ ಗೊತ್ತಿಲ್ಲದೇ ಅಷ್ಟು ಜೋರಾಗಿ ಹಾಕಿಸಿದೀನಿ.

ಅವರನ್ನ ನಾನು ನೋಡಲ್ಲ. ಅಜ್ಜಿ ಹೋದಾಗ ಬರಲಿಲ್ಲ. ನನ್ನ ಸ್ಕೂಲಿನ ಚೀಟಿಗಳಿಗೆಲ್ಲ ನೀನೇ ಎರಡು ಕಡೆಯೂ ಸಹಿ ಹಾಕಿದ್ದು ನನಗೆ ನೆನಪಿದೆ, ಒಂದು ನಿನ್ನ ಕೈಬರಹ, ಇನ್ನೊಂದು ಸ್ವಲ್ಪ ಓರೆಯಾಗಿ. ಈಗ ಹಾಡು ಕೇಳಿ ಬಂದರಂತೆ. ಹಾಡು ಓಡದೇ ಇದ್ದಿದ್ದರೆ?

ಗರಗಸನಿಗೆ ಹೇಳಿದೀನಿ, ಮುಂದಿನ ಕಾರ್ಯಕ್ರಮದಲ್ಲಿ ಆ ಹಾಡು ಬೇಡ ಅಂತ. ಯಾಕೆ ಅಂತ ಅವನು ಕೇಳಲಿಲ್ಲ. ಕಂಪನಿಯವರು ಕೇಳ್ತಾರೆ. ಕೇಳಲಿ. ಅದನ್ನ ಪೂರ್ತಿ ತೆಗೆದುಬಿಡೋಣ ಅನ್ನಿಸಿದೆ.

ಇನ್ನೊಂದು ತೊಡಕು. ಬರೆದವರ ಜಾಗದಲ್ಲಿ ಈಗ ನಿನ್ನ ಹೆಸರು ಹಾಕಿದರೂ ಸುಳ್ಳಾಗುತ್ತೆ. ಅಜ್ಜಿಯ ಹೆಸರು ಬರಬೇಕು. ಅವರ ಪೂರ್ತಿ ಹೆಸರು ಏನು? ಯೋಚನೆ ಮಾಡಿದರೆ ನನಗೆ ಗೊತ್ತೇ ಇಲ್ಲ. ಅಜ್ಜಿ ಅಂತಲೇ ಗೊತ್ತು. ಮಂಚದ ಅಂಚಿಗೆ ಬೆರಳಲ್ಲಿ ತಾಳ ಹಾಕ್ತಾ ನನಗೆ ಮಗ್ಗಿ ಹೇಳಿಕೊಟ್ಟವರು. ಹೆಸರು ಗೊತ್ತಿಲ್ಲ.

ನಿನ್ನ ಮಗಳು

*

ಜೂನ್ ೨

ಮಗಳೇ,

ಹಾಡು ತೆಗೀಬೇಡ.

ಮಾರ್ಚ್ ತಿಂಗಳಲ್ಲಿ ನೀನು ಕೇಳಿದ್ದರೆ ತೆಗಿ ಅಂತಿದ್ದೆ. ಏಪ್ರಿಲಿನಲ್ಲಿ ಕೇಳಿದೆ, ಆಗಲೂ ಅದೇ ಬಾಯಿಗೆ ಬಂದಿತ್ತು. ಈಗ ಬೇರೆ. ನಿಮ್ಮಪ್ಪ ಬಂದರು ಅಂತ ನೀನು ತೆಗೆದರೆ, ನಮ್ಮ ಮನೆಯಲ್ಲಿ ಏನಿರಬೇಕು ಏನಿರಬಾರದು ಅಂತ ಮತ್ತೆ ಅವರ ಹೋಗಿಬರೋದೇ ತೀರ್ಮಾನ ಮಾಡಿದ ಹಾಗಾಗುತ್ತೆ. ಅದು ಒಂದು ಸಲ ಆಗಿದ್ದು ಸಾಕು.

ನಿಮ್ಮಜ್ಜಿ ಬಗ್ಗೆ ಒಂದು ಹೇಳ್ತೀನಿ. ನಿಮ್ಮಪ್ಪ ಬಿಟ್ಟು ಹೋದ ಮಾರನೇ ದಿನ ನಾನು ಕೆಲಸ ಹುಡುಕೋಕೆ ಹೊರಟಿದ್ದೆ. ಬಾಗಿಲಲ್ಲಿ ನಿಂತು ಕೇಳಿದೆ, "ಅತ್ತೆ, ನೀವು ಯಾವಾಗ ಹೊರಡ್ತೀರಾ?" ಮಗ ಇಲ್ಲದ ಮೇಲೆ ಅವರು ಇನ್ನೊಬ್ಬ ಮಗನ ಮನೆಗೆ ಹೋಗ್ತಾರೆ ಅಂತಲೇ ನಾನು ಅಂದುಕೊಂಡಿದ್ದು. ಅವರು ನಿನಗೆ ಗಂಜಿ ಕುಡಿಸ್ತಾ, "ನಾನ್ಯಾಕೆ ಹೊರಡಲಿ? ಇದು ನನ್ನ ಸೊಸೆ ಮನೆ" ಅಂದರು. "ನೀನು ಸಂಜೆ ಬರುವಾಗ ಸೋಪು ತಗೊಂಡು ಬಾ."

ಒಂಬತ್ತು ವರ್ಷ ಇಬ್ಬರೂ ಜಗಳ ಆಡಿಕೊಂಡು, ಒಬ್ಬರ ಚಹಾಕ್ಕೆ ಇನ್ನೊಬ್ಬರು ಹೆಸರಿಟ್ಟುಕೊಂಡು ಬದುಕಿದ್ದೀವಿ. ನಾನು ಲಾಂಡ್ರಿಯಿಂದ ಬರೋಷ್ಟರಲ್ಲಿ ನಿನ್ನ ಜಡೆ, ಪಾಠ, ಊಟ ಎಲ್ಲ ಮುಗಿದಿರ್ತಿತ್ತು. ಕೊನೆಗಾಲದಲ್ಲಿ ಅವರಿಗೆ ಯಾರ ಗುರುತೂ ಸಿಗ್ತಿರಲಿಲ್ಲ. ನನ್ನನ್ನ ಅಮ್ಮಾ ಅಂತ ಕರೀತಿದ್ದರು. ನಾನು ಓ ಅಂತಿದ್ದೆ.

ಅವರ ಹೆಸರು ಕೇಳಿದೆಯಲ್ಲ. ನಾಚಿಕೆ ಆಗುತ್ತೆ, ನನಗೂ ಪೂರ್ತಿ ಗೊತ್ತಿಲ್ಲ. ಮನೆಯವರೆಲ್ಲ ಕರೀತಿದ್ದ ಅಡ್ಡಹೆಸರು ಗೊತ್ತು. ಆಸ್ಪತ್ರೆಯಲ್ಲೂ ಅದನ್ನೇ ಬರೆಸಿದ್ದೆ. ಅವರಿಗೆ ಅವರಪ್ಪ ಅಮ್ಮ ಇಟ್ಟ ಹೆಸರು ಬೇರೆ, ಸ್ವಲ್ಪ ಉದ್ದ, ನಿಮ್ಮ ದೊಡ್ಡಪ್ಪನೂ ತೀರಿಕೊಂಡ ಮೇಲೆ ಅದನ್ನ ಹೇಳಬಲ್ಲವರು ಈಗ ನಿಮ್ಮಪ್ಪ ಒಬ್ಬರೇ ಉಳಿದಿದ್ದಾರೆ.

ಹೋಗಿ ಕೇಳಿಕೊಂಡು ಬಾ. ಅವರಿಗೋಸ್ಕರ ಅಲ್ಲ. ನನಗೋಸ್ಕರವೂ ಅಲ್ಲ. ಒಳ್ಳೇ ಮಾತು ಆಡಬೇಕು ಅಂತೇನಿಲ್ಲ, ಹೆಸರು ಕೇಳು, ಎದ್ದು ಬಾ. ನಿನಗೆ ಎಷ್ಟು ಹೊತ್ತು ಕೂರಬೇಕು ಅನ್ನಿಸುತ್ತೋ ಅಷ್ಟು ಕೂರು. ಆಮೇಲೆ ನನಗೆ ಬೇಜಾರಾಗುತ್ತೆ ಅಂತ ಲೆಕ್ಕ ಹಾಕಬೇಡ.

ಅಮ್ಮ

*

ಜುಲೈ ೮

ಅಮ್ಮಾ,

ಹೋಗಿ ಬಂದೆ.

ಫೋನ್ ಮಾಡಿದಾಗ "ಸ್ಟುಡಿಯೋಗೆ ಬರಲಾ, ಇಲ್ಲ ನೀನೇ ಬರ್ತೀಯಾ?" ಅಂದರು. ನನ್ನ ಕಡೆ ಬರೋದು ಬೇಡ ಅನ್ನಿಸಿತು. ಅವರ ಕೆಲಸದ ಜಾಗಕ್ಕೇ ಹೋದೆ. ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಸಣ್ಣ ಕೋಣೆ, ಗ್ರೀಸಿನ ವಾಸನೆ, ಗೋಡೆ ತುಂಬ ಕೊಕ್ಕೆಯಲ್ಲಿ ನೇತಾಡೋ ಸ್ಪ್ಯಾನರುಗಳು. ಒಂದೇ ಕುರ್ಚಿ. ಅದನ್ನ ಬಟ್ಟೆಯಲ್ಲಿ ಒರೆಸಿ ನನಗೆ ಕೊಟ್ಟು, ತಾವು ಉಪಕರಣದ ಪೆಟ್ಟಿಗೆ ಮೇಲೆ ಕೂತರು.

ನಾನು ಅವರನ್ನ ಅಪ್ಪ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಎದುರಿಗಿರೋರನ್ನ ಏನೂ ಅಂತ ಕರೆಯದೆ ಅಷ್ಟು ಹೊತ್ತು ಮಾತಾಡೋದು ಎಷ್ಟು ಕಷ್ಟ ಅಂತ ಮೊದಲ ಸಲ ಗೊತ್ತಾಯ್ತು. ವಾಕ್ಯ ಎಲ್ಲ ಮಧ್ಯದಿಂದ ಶುರು ಮಾಡಬೇಕು.

"ಅಜ್ಜಿ ಹೆಸರು ಬೇಕಿತ್ತು" ಅಂದೆ. ಹೇಳಿದರು. ಒಂದು ಚೂರು ಯೋಚನೆ ಮಾಡದೆ, ಹಾಜರಿ ಕೂಗಿದ ಹಾಗೆ. ಆಮೇಲೆ ಸ್ವಲ್ಪ ತಡೆದು ಮತ್ತೊಂದು ಸಲ ಹೇಳಿದರು, ಅದು ನನಗಲ್ಲ. ಆ ಹೆಸರು ಇಲ್ಲಿ ಬರೆಯಲ್ಲ ಅಮ್ಮಾ, ಹಾಡಿನ ಕೆಳಗೆ ಬಂದಾಗ ನೀನೇ ಓದು. ಅಜ್ಜಿಗೆ ಅಂಥ ಹೆಸರಿತ್ತು ಅಂತ ನೀನು ಕನಸಲ್ಲೂ ಅಂದುಕೊಂಡಿರಲ್ಲ. ಹೆಸರು ಸೇರಿಸೋ ಕಾಗದಕ್ಕೆ ಮಗನಾಗಿ ಅವರು ಸಹಿ ಹಾಕಬೇಕಿತ್ತು, ಹಾಕಿದರು. ಅದರಿಂದ ಬರೋ ದುಡ್ಡೆಲ್ಲ ನಿನ್ನ ಅಮ್ಮನಿಗೆ ಅಂತ ಬರೆಸು ಅಂದರು. ಅವ್ವನನ್ನ ನೋಡಿಕೊಂಡೋಳು ಅವಳು, ಅಂದರು. ಯಾಕೆ ಹೋದಿರಿ ಅಂತ ಕೇಳಬೇಕು ಅಂತ ದಾರಿ ಉದ್ದಕ್ಕೂ ಅಂದುಕೊಂಡಿದ್ದೆ. ಅಲ್ಲಿ ಕೇಳಲಿಲ್ಲ. ಇನ್ನೊಂದು ದಿನ ಕೇಳ್ತೀನೋ ಏನೋ.

ಹೊರಡೋಕೆ ಎದ್ದಾಗ, "ಆ ದನಿ ಒಂದು ಸಲ ಕೇಳಿಸ್ತೀಯಾ? ಧಡ್ ಧಡ್ ಇಲ್ಲದೆ" ಅಂದರು. ನಮ್ಮಿಬ್ಬರ ಪೂರ್ತಿ ಕರೆ ನನ್ನ ಹತ್ರ ಇದೆ. ನೀನು ನಗೋದು, ಬೈಯೋದು ಎಲ್ಲ. ಅಮ್ಮನನ್ನ ಕೇಳದೆ ಅದನ್ನ ಹಾಕಲ್ಲ ಅಂದೆ. ತಲೆಯಾಡಿಸಿದರು. ಊರೆಲ್ಲ ಕೇಳಿದ ಆ ಒಂದು ಸಾಲನ್ನ ಮಾತ್ರ, ಬೀಟ್ ತೆಗೆದು, ಹೆಡ್‌ಫೋನ್ ಕೊಟ್ಟು ಕೇಳಿಸಿದೆ. ಕಣ್ಣು ಮುಚ್ಚಿಕೊಂಡರು. ಮತ್ತೆ ಹಾಕು ಅಂತ ಕೈಸನ್ನೆ ಮಾಡಿದರು.

ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟು, "'ಮೆಲ್ಲಗೆ' ಅ‌ನ್ನೋದನ್ನ ಕೇಳು" ಅಂದರು. "ಮೊದಲ ಅಕ್ಷರ ಸ್ವಲ್ಪ ಎಳೆದು, ಕೊನೇದನ್ನ ನುಂಗಿಬಿಡೋದು. ಅವ್ವ ಹಾಗೇ. ಕೇಳೋದು ಮುಗಿಯೋ ಮುಂಚೆ ತಾನೇ ಎದ್ದು ಹೋದ ಹಾಗೆ."

ಅಮ್ಮಾ, ನಾನು ಆ ಸಾಲನ್ನ ಎಷ್ಟು ಸಲ ಕೇಳಿದೀನಿ ಅಂತ ನನಗೇ ಗೊತ್ತಿಲ್ಲ. ಅಕ್ಷರ ಅಕ್ಷರ ಬಿಡಿಸಿ ಇಟ್ಟಿದೀನಿ. ಆ ಎಳೆತ ಇದೆ ಅಂತಲೇ ಅದರ ಪಕ್ಕ ಜಾಗ ಬಿಟ್ಟು ಬೀಟ್ ಕೂರಿಸಿದ್ದು. ಕಿವಿಯಿಂದಲೇ ಬದುಕೋಳು ನಾನು, ಆದರೂ ಅದು ಎಲ್ಲಿಂದ ಬಂತು ಅಂತ ಕೇಳಿಸಿರಲಿಲ್ಲ. ಅವರು ಹೇಳಿದ ಮೇಲೆ ಕೇಳಿಸಿತು. "ಎರಡೆರಡ್ಲ ನಾಲ್ಕು" ಅಂತ ಮಂಚದ ಹತ್ತಿರ ಹೇಳ್ತಿದ್ದರಲ್ಲ, ಹಾಗೇ. ಅಜ್ಜಿಯ ದನಿ ನಮ್ಮ ಹತ್ರ ಎಲ್ಲೂ ಇಲ್ಲ, ಒಂದು ಟೇಪೂ ಇಲ್ಲ ಅಂತ ಅಂದುಕೊಂಡಿದ್ದೆ.

ಅವರ ಕಿವಿ ಕೆಟ್ಟಿಲ್ಲ ಅಮ್ಮಾ. ನನಗೆ ಹೇಳೋಕೆ ಇಷ್ಟವಿಲ್ಲ, ಆದರೆ ನನಗೆ ಈ ಕಿವಿ ಬಂದಿದ್ದು ಎಲ್ಲಿಂದ ಅಂತಲೂ ಗೊತ್ತಾಯ್ತು.

ನಿನ್ನ ಮಗಳು

*

ಜುಲೈ ೧೯

ಮಗಳೇ,

ನಿನ್ನ ಕಾಗದ ಓದಿದ ದಿನ ಪಾಳಿ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಆ ಮಾತನ್ನ ಜೋರಾಗಿ ಹೇಳಿ ನೋಡಿದೆ. ಬೇಕು ಅಂತ ಹೇಳಿದರೆ ಬರಲಿಲ್ಲ. ಆಸ್ಪತ್ರೆಯಲ್ಲಿ ನೋಟೀಸು ಓದಿದ ಹಾಗಿತ್ತು. ಬಿಟ್ಟು ತರಕಾರಿ ಹೆಚ್ಚೋಕೆ ಶುರು ಮಾಡಿದೆ. ಆಮೇಲೆ, ಹೆಚ್ಚುತ್ತಾ ಹೆಚ್ಚುತ್ತಾ, ಹೊರಗೆ ಯಾರೋ ಮೆಟ್ಟಿಲು ಇಳಿದರು, ತಾನಾಗಿ ಬಾಯಿಗೆ ಬಂತು. ಹೇಳುವಾಗ ನನ್ನ ಕತ್ತು ಒಂದು ಚೂರು ಬಲಕ್ಕೆ ವಾಲಿತು. ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಕತ್ತು ವಾಲಿಸೋದು ನಾನಲ್ಲ. ಅತ್ತೆ.

ನಾನು ಮದುವೆಯಾಗಿ ಬಂದಾಗ ಹಾಗೆ ಮಾತಾಡ್ತಿರಲಿಲ್ಲ. ನಮ್ಮ ತವರಿನವರೆಲ್ಲ ಹುರಿಗಡಲೆ ಸಿಡಿದ ಹಾಗೆ ಪಟಪಟ ಅನ್ನೋರು. "ಇವಳ ಮಾತು ಹಿಡಿಯೋಕೆ ಓಡಬೇಕು" ಅಂತ ಅತ್ತೆ ನನ್ನನ್ನ ಆಡಿಕೊಳ್ತಿದ್ದರು. ಯಾವಾಗ ನಿಧಾನ ಆದೆ, ಯಾವಾಗ ಅವರ ಹಾಗೆ ಎಳೆಯೋಕೆ ಶುರು ಮಾಡಿದೆ, ಗೊತ್ತೇ ಆಗಲಿಲ್ಲ. ಆಸ್ತಿ ಅಂತ ಅವರು ಬಿಟ್ಟು ಹೋದದ್ದು ಎರಡು ಸೀರೆ, ಒಂದು ಕನ್ನಡಕ ಅಂತ ನಾನು ಅಂದುಕೊಂಡಿದ್ದೆ.

ಉರುಳೆ ಹುಡುಗಿ ನಿನ್ನೆ ಫೋನ್ ತಂದು ತೋರಿಸಿದಳು. ಹಾಡಿನ ಕೆಳಗೆ ಅವರ ಹೆಸರು ನೋಡಿದೆ. "ಯಾರಮ್ಮ ಇವರು, ಹೊಸಬರಾ?" ಅಂದಳು. ನಮ್ಮತ್ತೆ ಅಂದೆ. "ಅತ್ತೆ ಹಾಡು ಬರೀತಿದ್ದರಾ?" ಅಂದಳು. ಒಂದು ಬರೆದರು ಅಂದೆ. ಅವಳು ಬಾಯಿ ಬಿಟ್ಟು ನೋಡಿದಳು. ನಾಲ್ಕು ಚಾದರ ಸುಕ್ಕಾದವು.

ನಿಮ್ಮಪ್ಪನನ್ನ ನೀನು "ಯಾಕೆ ಹೋದಿರಿ" ಅಂತ ಕೇಳಿದರೆ, ಏನು ಹೇಳಿದರು ಅಂತ ನನಗೆ ಬರೀಬೇಕಾಗಿಲ್ಲ. ಅದು ನಿನ್ನದು.

ಇನ್ನು ನನ್ನ ಮಾತು. ಅತ್ತೆಯದ್ದು ನನ್ನೊಳಗೆ ಇನ್ನೂ ಏನೇನಿದೆಯೋ. ನಿನಗೆ ಜ್ವರ ಬಂದಾಗ ಹೇಳ್ತಿದ್ದದ್ದು, ಹಾಲಿನವನ ಜೊತೆ ಜಗಳ ಆಡ್ತಿದ್ದದ್ದು, ನಿಮ್ಮಪ್ಪ ಚಿಕ್ಕವರಿದ್ದಾಗಿನ ಕತೆಗಳು. ಬೇಕು ಅಂತ ಹೇಳಿದರೆ ಬರಲ್ಲ, ಅದು ಗೊತ್ತಾಯ್ತಲ್ಲ. ನೀನು ಎದುರಿಗೆ ಕೂತು ಏನಾದರೂ ಕೆಲಸ ಮಾಡ್ತಿರು, ನಾನೂ ಏನಾದರೂ ಮಾಡ್ತಿರ್ತೀನಿ, ಬಂದಷ್ಟು ಬರಲಿ. ಭಾನುವಾರ ನಿನ್ನ ಆ ಯಂತ್ರ ತಗೊಂಡು ಬಾ. ಮೇಜಿನ ಮೇಲೆ, ನನ್ನ ಕಣ್ಣಿಗೆ ಕಾಣೋ ಹಾಗೆ ಇಡು. ಯಾವುದು ಅವರದ್ದು, ಯಾವುದು ನನ್ನದು ಅಂತ ನನಗೆ ಬಿಡಿಸೋಕೆ ಆಗಲ್ಲ, ಅದು ನಿನ್ನ ಕೆಲಸ. ಕಂಪನಿಯವರಿಗೆ ಅದರಲ್ಲಿ ಒಂದು ಚೂರೂ ಇಲ್ಲ. ಒಂದು ಪ್ರತಿ ಮಾಡಿ ನಿಮ್ಮಪ್ಪನಿಗೆ ಕೊಡು.

ಮೇಲಿನ ಮನೆಯವರಿಗೆ ಹೇಳಿದೀನಿ, ಭಾನುವಾರ ಮಧ್ಯಾಹ್ನ ಕುರ್ಚಿ ಎಳೀಬೇಡಿ, ನಮ್ಮ ಮನೆಯಲ್ಲಿ ರೆಕಾರ್ಡಿಂಗ್ ಇದೆ ಅಂತ.

ಅಮ್ಮ